ನಿಮಗಿದು ಗೊತ್ತೇ? ನೆಲೆ ಕಳೆದುಕೊಂಡ ಜರ್ಮನ್ನರು ಮತ್ತೆ ನೆಲೆಯೂರಿದ ಬಗೆ

ಎರಡನೇ ಮಹಾಯುದ್ಧದ ಕೊನೆಯಲ್ಲಿ ಮತ್ತು ಅದರ ಬೆನ್ನಿಗೇ ಸುಮಾರು 1.2 ಕೋಟಿ ಜರ್ಮನ್ನರು ಮನೆಮಠ ಕಳೆದುಕೊಂಡರು. ಪೂರ್ವ ಪ್ರಷ್ಯ, ಸೈಲೀಸಿಯ, ಪೊಮೆರೇನಿಯ, ಜೆಕೊಸ್ಲೊವಾಕಿಯದ ಸುಡೇಟನ್ ಸೀಮೆಗಳಲ್ಲಿ ತಲೆಮಾರುಗಳಿಂದ ಬಾಳಿದ್ದವರು ಇವರು. ಕೆಲವರು ಸೋವಿಯತ್ ಸೇನೆಗೆ ಹೆದರಿ ಓಡಿದರು, ಉಳಿದವರನ್ನು ಯುದ್ಧ ಮುಗಿದ ಮೇಲೆ ಹೊರಗಟ್ಟಲಾಯಿತು. ಅದಕ್ಕೂ ಮೊದಲು ಹಿಟ್ಲರನ ಆಡಳಿತ ಲಕ್ಷಾಂತರ ಪೋಲಿಷ್ ಜನರನ್ನು ಅವರ ಮನೆಗಳಿಂದ ಎಬ್ಬಿಸಿತ್ತು. ಅದನ್ನು ಬಿಟ್ಟು ಈ ಕಥೆ ಹೇಳುವುದು ನ್ಯಾಯವಲ್ಲ.

1945ರ ಪಾಟ್ಸ್‌ಡ್ಯಾಮ್ ಒಪ್ಪಂದ ಈ ಸ್ಥಳಾಂತರ ಕ್ರಮಬದ್ಧವಾಗಿ, ಮಾನವೀಯವಾಗಿ ನಡೆಯಬೇಕು ಎಂದಿತ್ತು. ನಡೆದದ್ದೇ ಬೇರೆ. ಹಸಿವು, ಚಳಿ, ರೋಗ, ಹಿಂಸೆಗೆ ಲಕ್ಷಾಂತರ ಜೀವಗಳು ಬಲಿಯಾದವು.

ಆ ಒಪ್ಪಂದವಾದ ಸಭೆಗೆ ಫ್ರಾನ್ಸನ್ನು ಕರೆದಿರಲಿಲ್ಲ. ಹಾಗಾಗಿ ಅದು, ಗೆದ್ದ ದೇಶಗಳು ಹಂಚಿಕೊಂಡಿದ್ದ ಜರ್ಮನಿಯಲ್ಲಿ ತನ್ನ ವಶದಲ್ಲಿದ್ದ ವಲಯದ ಬಾಗಿಲನ್ನು ಮೊದಲ ಕೆಲವು ವರ್ಷ ಈ ನಿರಾಶ್ರಿತರಿಗೆ ಹೆಚ್ಚುಕಡಿಮೆ ಮುಚ್ಚಿಯೇ ಇಟ್ಟಿತು. ಹೊರೆ ಬಿದ್ದದ್ದು ಬೇರೆ ವಲಯಗಳ ಹಳ್ಳಿಗಾಡಿನ ಮೇಲೆ. 1939ರಲ್ಲಿ ಸುಮಾರು 16 ಲಕ್ಷ ಜನರಿದ್ದ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ ಜನಸಂಖ್ಯೆ ಹತ್ತೇ ವರ್ಷದಲ್ಲಿ 27 ಲಕ್ಷದ ಹತ್ತಿರ ಬಂತು.

ಭಾಷೆ ಒಂದೇ ಆಗಿದ್ದರಿಂದ ಬೆರೆಯುವುದು ಸುಲಭವಾಯಿತೆಂದು ಭಾವಿಸಬೇಡಿ. ಅಧಿಕಾರಿಗಳು ಕೋಣೆ ಎಣಿಸಿ, ಇದ್ದವರ ಮನೆಯಲ್ಲೇ ಬಂದವರಿಗೂ ಜಾಗ ಮಾಡಿಸಿದರು. ಒಂದೇ ಅಡುಗೆಮನೆಗೆ ಎರಡು ಸಂಸಾರ. ಜಗಳವಿಲ್ಲದ ದಿನ ಅಪರೂಪ. ಜರ್ಮನ್ನರೇ ಜರ್ಮನ್ನರನ್ನು 'ಪೊಲಾಕ್' (ಪೋಲಿಷ್ ಜನರಿಗೆ ಬಳಸುವ ಬೈಗುಳ) ಎಂದು ಹೀಯಾಳಿಸಿದರು. ಪ್ರಾಟೆಸ್ಟೆಂಟರೇ ತುಂಬಿದ್ದ ಊರುಗಳಿಗೆ ಕ್ಯಾಥೊಲಿಕರು ಬಂದರು, ಕ್ಯಾಥೊಲಿಕ್ ಊರುಗಳಿಗೆ ಪ್ರಾಟೆಸ್ಟೆಂಟರು. ಚರ್ಚಿಲ್ಲದ ಕಡೆ ಲಾರಿಯನ್ನೇ ಪ್ರಾರ್ಥನಾ ಮಂದಿರ ಮಾಡಿಕೊಂಡು ಪಾದ್ರಿಗಳು ಊರೂರು ಸುತ್ತಿದರು.

ನಾಜಿಗಳ ಡಾಖೌ ಸೆರೆಶಿಬಿರದ ಬ್ಯಾರಕ್‌ಗಳಲ್ಲೂ 1948ರಿಂದ 1960ರ ದಶಕದ ನಡುಭಾಗದವರೆಗೆ ನಿರಾಶ್ರಿತ ಕುಟುಂಬಗಳು ವಾಸವಾಗಿದ್ದವು.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ಮಾಡಿದ್ದು ಪಶ್ಚಿಮ ಜರ್ಮನಿಯ 1952ರ ಹೊರೆ ಹಂಚಿಕೆ ಕಾನೂನು. ಯುದ್ಧದಲ್ಲಿ ಆಸ್ತಿ ಉಳಿಸಿಕೊಂಡವರು, ಕಳೆದುಕೊಂಡವರಿಗೆ ಕೊಡಬೇಕು ಎಂಬುದು ಅದರ ತಿರುಳು. 1948ರ ಜೂನ್ 21ರಂದು ಇದ್ದ ಆಸ್ತಿಯ ಬೆಲೆಯಲ್ಲಿ, ವಿನಾಯಿತಿ ಕಳೆದು, ಅರ್ಧದಷ್ಟು ತೆರಿಗೆ! ಆದರೆ ಅದನ್ನು ಮೂರು ತಿಂಗಳಿಗೊಂದು ಕಂತಿನಂತೆ 1979ರವರೆಗೆ ಕಟ್ಟಬಹುದಿತ್ತು. ಹೀಗಾಗಿ ಮನೆ-ಹೊಲ ಮಾರದೆ, ಅವುಗಳ ಆದಾಯದಲ್ಲೇ ಬಾಕಿ ತೀರಿಸಲು ಸಾಧ್ಯವಾಯಿತು. ಆ ಹಣದಿಂದ ನಿರಾಶ್ರಿತರಿಗೂ ಬಾಂಬಿಗೆ ಮನೆ ಕಳೆದುಕೊಂಡವರಿಗೂ ಪಾತ್ರೆಪಗಡ, ಮಂಚ, ಹಾಸಿಗೆ ಕೊಳ್ಳಲು ನೆರವು ಸಿಕ್ಕಿತು. ಮನೆ ಕಟ್ಟಲು, ಕಸುಬು ಹೂಡಲು ಸಾಲ ಸಿಕ್ಕಿತು. ಕಳೆದುಹೋದ ಆಸ್ತಿಗೆ ಪೂರ್ತಿ ಪರಿಹಾರ ಮಾತ್ರ ಸಿಗಲಿಲ್ಲ. ಆದರೂ ಕಷ್ಟವನ್ನು ದೇಶವೆಲ್ಲ ಹಂಚಿಕೊಳ್ಳಬೇಕೆಂದು ಕಾನೂನೇ ಹೇಳಿತಲ್ಲ, ಅದು ಸಣ್ಣ ಸಂಗತಿಯಲ್ಲ.

ಬಂದವರು ಕಸುಬನ್ನೂ ತಂದರು. ಸುಡೇಟನ್ ಸೀಮೆಯ ಗಾಬ್ಲೊನ್ಜ್ ಪಟ್ಟಣದ ಗಾಜಿನ ಆಭರಣ ತಯಾರಕರು ಬವೇರಿಯದ ಕೌಫ್‌ಬಾಯ್ರನ್ ಬಳಿ, ಪಾಳುಬಿದ್ದ ಮದ್ದುಗುಂಡು ಕಾರ್ಖಾನೆಯ ಜಾಗದಲ್ಲಿ ಹೊಸ ಊರನ್ನೇ ಕಟ್ಟಿ ನೋಯ್‌ಗಾಬ್ಲೊನ್ಜ್ ಎಂದು ಹೆಸರಿಟ್ಟರು.

ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಕೈಯಲ್ಲಿದ್ದ, ಪಿಟೀಲಿನ ಆಕಾರದ ಬೇಸ್ ಗಿಟಾರ್ ನೆನಪಿದೆಯೇ? ಅದು ಹೋಫ್ನರ್ ಕಂಪನಿಯದು. ಈಗಿನ ಜೆಕ್ ದೇಶದ ಶ್ಯೋನ್‌ಬಾಖ್‌ನಲ್ಲಿ 1887ರಲ್ಲಿ ಶುರುವಾದ ಈ ಮನೆತನದ ಉದ್ಯಮ ಯುದ್ಧಾನಂತರ ಅಲ್ಲಿಂದ ಕಿತ್ತುಬಂದು ಬವೇರಿಯದ ಬೂಬೆನ್‌ರಾಯ್ಟ್ ಎಂಬ ಪುಟ್ಟ ಹಳ್ಳಿಯಲ್ಲಿ ಬೇರೂರಿತು. ಶ್ಯೋನ್‌ಬಾಖ್‌ನ ಇತರ ಪಿಟೀಲು ಕುಶಲಕರ್ಮಿಗಳಿಗೂ ಆ ಹಳ್ಳಿಯೇ ಆಶ್ರಯ ಕೊಟ್ಟಿತು.

ನಿರಾಶ್ರಿತರದೇ ಒಂದು ಪಕ್ಷ 1950ರಲ್ಲಿ ಶ್ಲೆಸ್ವಿಗ್-ಹೋಲ್‌ಸ್ಟೈನ್‌ನಲ್ಲಿ ಶೇ. 23.4 ಮತ ಗಳಿಸಿ, 1953ರಲ್ಲಿ ಸಂಸತ್ತಿನ 27 ಸ್ಥಾನ ಹಿಡಿಯಿತು. 1957ರಲ್ಲಿ ಸೊನ್ನೆ. ಆ ಹೊತ್ತಿಗೆ ಬಹಳಷ್ಟು ಜನರಿಗೆ ಕೆಲಸ ಸಿಕ್ಕಿತ್ತು, ದೊಡ್ಡ ಪಕ್ಷಗಳೂ ಅವರನ್ನು ತಮ್ಮವರನ್ನಾಗಿ ಮಾಡಿಕೊಂಡಿದ್ದವು.

ಬಾಲ್ಯದ ಹಲವು ವರ್ಷ ನಿರಾಶ್ರಿತರ ಶಿಬಿರಗಳಲ್ಲಿ ಕಳೆದ ಹೋರ್ಸ್ಟ್ ಕೋಲರ್ 2004ರಲ್ಲಿ ಜರ್ಮನಿಯ ಅಧ್ಯಕ್ಷರಾದರು.

ಪೂರ್ವ ಜರ್ಮನಿಯ ಕಥೆ ಬೇರೆ. ಅಲ್ಲಿಗೆ ಬಂದ 40 ಲಕ್ಷಕ್ಕೂ ಹೆಚ್ಚು ಜನರನ್ನು 'ಮರುವಸತಿಗರು' ಎಂದಷ್ಟೇ ಕರೆಯಬೇಕಿತ್ತು. ಹೊರಗಟ್ಟಲ್ಪಟ್ಟವರೆಂದು ಹೇಳಿಕೊಳ್ಳುವಂತಿರಲಿಲ್ಲ, ಸಂಘ ಕಟ್ಟುವಂತಿರಲಿಲ್ಲ. ಹಲವರಿಗೆ ಜಮೀನ್ದಾರರಿಂದ ಕಿತ್ತುಕೊಂಡ ಭೂಮಿಯಲ್ಲಿ ತುಂಡು ಹೊಲ ಸಿಕ್ಕಿತು, ಆದರೆ ಪಶ್ಚಿಮದಂಥ ಹೊರೆ ಹಂಚಿಕೆ ಇರಲಿಲ್ಲ. ಎರಡೂ ಜರ್ಮನಿ ಒಂದಾದ ಮೇಲೆ, 1994ರ ಕಾನೂನಿನಂತೆ, ಬದುಕುಳಿದಿದ್ದವರಿಗೆ ಒಂದೇ ಸಲ 4,000 ಮಾರ್ಕ್ ಕೊಡಲಾಯಿತು.