ಗಣಿಯ ಕಾಯಕ ಮತ್ತು ಸ್ತ್ರೀ

ಲಿಂಗಸುಗೂರು ತಾಲೂಕಿನ ಅಮರೇಶ್ವರವು ಶರಣೆ ಆಯ್ದಕ್ಕಿ ಲಕ್ಕಮ್ಮನ ಊರೆಂದು ಪ್ರತೀತಿ. ಪತಿ ಮಾರಯ್ಯನು ನಿತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಕೆ ಮರಳಿಸಹೇಳಿದಳು; ಕಾಯಕದ ನೀತಿಗೆ ಅಲ್ಲಿ ಒರೆಗಲ್ಲಾದವಳು ಸ್ತ್ರೀಯೇ. ಅದೇ ತಾಲೂಕಿನ ಹಟ್ಟಿ ಚಿನ್ನದ ಗಣಿಯ ನೆಲದಡಿಯಲ್ಲಾದರೋ, 1952ರ ಗಣಿ ಕಾಯಿದೆಯನ್ವಯ, ಇಂಜಿನಿಯರಿಂಗ್ ಪದವೀಧರೆಗೂ ಉದ್ಯೋಗ ನಿಷಿದ್ಧವಾಗಿದ್ದಿತು. ಕಾರಣ, ರಕ್ಷಣೆಯಂತೆ! ಕುಸಿಯುವ ಬಂಡೆಯು ಗಂಡುಹೆಣ್ಣೆಂಬ ಭೇದವನ್ನರಿಯದು. ಗಣಿಯನ್ನು ಎಲ್ಲರಿಗೂ ಸುಭದ್ರಗೊಳಿಸುವುದೇ ಇಂಜಿನಿಯರರ ಮೊದಲ ಧರ್ಮ. 2019ರಲ್ಲಿ ಕೇಂದ್ರ ಸರಕಾರವು ತಾಂತ್ರಿಕ, ಮೇಲ್ವಿಚಾರಣೆ ಹಾಗೂ ಆಡಳಿತದ ಕಾರ್ಯಗಳಿಗಾಗಿ, ಬೆಳಗಿನ 6ರಿಂದ ಸಂಜೆ 7ರವರೆಗೆ, ಲಿಖಿತ ಸಮ್ಮತಿಯ ಮೇರೆಗೆ ಸ್ತ್ರೀಯರು ಕೆಳಗಿಳಿಯಲು ಅನುಮತಿಯಿತ್ತಿತು. ಪಾಳಿಯೊಂದಕ್ಕೆ ಮೂವರಿಗಿಂತ ಕಡಿಮೆಯಿರಕೂಡದೆಂದು ಅಂದು ವಿಧಿಸಿತು. ಸಿಂಧನೂರು, ಮಸ್ಕಿಗಳ ಕಡೆಯಿಂದ ಓದಿ ಬಂದ ಹೆಣ್ಣುಮಗಳೊಬ್ಬಳು ಆ ಸಮ್ಮತಿಪತ್ರಕ್ಕೆ ರುಜು ಹಾಕುವುದು ಸ್ವೇಚ್ಛೆಯಿಂದಲೋ, ನೌಕರಿ ಹೋದೀತೆಂಬ ಅಂಜಿಕೆಯಿಂದಲೋ ಎಂಬುದನ್ನು ವಿಚಾರಿಸುವ ಹೊಣೆಯು ಮೇಲಧಿಕಾರಿಯದು.