ಶುಗರ್ ಎಷ್ಟಿದೆ ಗೊತ್ತು, ಮನಸ್ಸು ಹೇಗಿದೆ?

ನಿಮಗಿದು ಗೊತ್ತೆ?

ಗಂಗಾವತಿಯಲ್ಲಿ ಶುಗರ್ ಬಂದವರಿಗೆ ಮೊದಲು ಸಿಗುವ ಬುದ್ಧಿಮಾತು ‘ಅನ್ನ ಕಡಿಮಿ ಮಾಡ್ರಿ’. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಸೋನಾ ಮಸೂರಿ ಬೆಳೆಯುವ ಊರಲ್ಲಿ ಇದು ಸಣ್ಣ ಮಾತಲ್ಲ. ಮದುವೆ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದರೂ ಬಡಿಸುವವರು ಬಿಡುವುದಿಲ್ಲ. ಉಂಡರೆ ಅಳುಕು, ಬಿಟ್ಟರೆ ಕಿರಿಕಿರಿ.

ದಿನವೂ ಕಾಡುವ ಈ ಬಳಲಿಕೆಯನ್ನು ಅಳೆಯಲು 1995ರಲ್ಲಿ ಅಮೆರಿಕದ ತಜ್ಞರು 20 ಪ್ರಶ್ನೆಗಳ ಪಟ್ಟಿ ಪ್ರಕಟಿಸಿದರು. ನೂರಕ್ಕೆ 40 ಅಂಕ ಮುಟ್ಟಿದರೆ ಮನಸ್ಸು ತೀರಾ ಸೋತಿದೆ ಎಂದು ಲೆಕ್ಕ.

ಚಿಕಿತ್ಸೆ ತೃಪ್ತಿ ಕೊಟ್ಟಿದೆಯೇ ಎಂದು ಕೇಳುವ 8 ಪ್ರಶ್ನೆಗಳ ಪಟ್ಟಿಯೂ ಇದೆ. ರೂಪಿಸಿದವರು ಬ್ರಿಟನ್ನಿನ ಮನೋವಿಜ್ಞಾನಿ ಕ್ಲೇರ್ ಬ್ರಾಡ್ಲಿ. ‘ನಿಮ್ಮಂಥದೇ ಮಧುಮೇಹ ಇರುವ ಇನ್ನೊಬ್ಬರಿಗೆ ಈ ಚಿಕಿತ್ಸೆ ಪಡೆಯಿರಿ ಎನ್ನುತ್ತೀರಾ?’ ಎಂಬುದು ಅದರಲ್ಲೊಂದು. ಜಾಣ ಪ್ರಶ್ನೆ! ಡಾಕ್ಟರ ಮುಂದೆ ‘ಎಲ್ಲಾ ಆರಾಮ ಐತ್ರಿ’ ಎನ್ನುವವರೂ ಇಲ್ಲಿ ತುಸು ಯೋಚಿಸಬೇಕಾಗುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯದು ಐದೇ ಪ್ರಶ್ನೆ. ಅದರಲ್ಲಿ ಕಾಯಿಲೆಯ ಸುದ್ದಿಯೇ ಇಲ್ಲ. ಕಳೆದ ಎರಡು ವಾರ ಖುಷಿಯಾಗಿದ್ದಿರಾ, ಎದ್ದಾಗ ಹುರುಪಿತ್ತಾ ಎಂಬಂಥವು.

ಮನಸ್ಸು ಕುಗ್ಗಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಹಗಲು ರಾತ್ರಿ ಸೇವೆ, ಶುಲ್ಕವಿಲ್ಲ.