ಅಲಗಿನ ಮೇಲಣ ಶಾಸನ

ಶಾಸನವೆಂದೊಡನೆ ನಮಗೆ ಕಲ್ಲು, ತಾಮ್ರಪಟಗಳು ನೆನಪಾಗುತ್ತವೆ. ಉಕ್ಕಿನ ಮೇಲೂ ಶಾಸನವುಂಟು. ಹಳೆಯ ಜರ್ಮನ್ ಬಯೊನೆಟ್ಟು, ಎಂದರೆ ಬಂದೂಕಿನ ಮೂತಿಗೆ ಸಿಕ್ಕಿಸುವ ಕತ್ತಿ, ಅಂಥದೊಂದು ಶಾಸನ. ನಾನು ಆಯುಧಪಂಡಿತನಲ್ಲ, ಹಳಗನ್ನಡ ಪಾಠ ಹೇಳಿ ನಿವೃತ್ತನಾದವನು. ಆದರೆ ಅರಸು ಯಾರು, ಕಾಲ ಯಾವುದು, ಮಾಡಿದವನಾರು ಎಂದು ಕ್ರಮವಾಗಿ ಕೇಳುತ್ತ ಹೋಗುವ ಶಾಸನಾಭ್ಯಾಸದ ಪದ್ಧತಿ ಇಲ್ಲಿಯೂ ಸಲ್ಲುವುದನ್ನು ಕಂಡು ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿತು.

ಮೊದಲು ಅಲಗಿನ ಬೆನ್ನನ್ನು, ಹಿಡಿಗೆ ತೀರ ಸಮೀಪದಲ್ಲಿ ನೋಡಬೇಕು. ಸಾಮ್ರಾಜ್ಯದ ಕಾಲದ್ದಾದರೆ ಅಲ್ಲಿ ಸಾಮಾನ್ಯವಾಗಿ ಒಂದು ಕಿರೀಟ, ಅದರಡಿ ಅರಸನ ಹೆಸರಿನ ಮೊದಲಕ್ಷರ, ಅದರಡಿ ಎರಡಂಕಿಯ ಇಸವಿ ಇರುತ್ತವೆ. ಪ್ರಷ್ಯದ ಆಯುಧದಲ್ಲಿ ಕಿರೀಟದ ಕೆಳಗೆ ‘ಡಬ್ಲ್ಯು’, 16 ಎಂದಿದ್ದರೆ, ವಿಲ್‌ಹೆಲ್ಮನ ಆಳಿಕೆಯಲ್ಲಿ, 1916ರಲ್ಲಿ ಸೇನೆ ಅದನ್ನು ಒಪ್ಪಿಕೊಂಡಿತೆಂದು ಅರ್ಥ. ಬವೇರಿಯಾದ ಆಯುಧಕ್ಕೆ ‘ಎಲ್’ ಅಕ್ಷರ. 1912ರವರೆಗೆ ಅದು ರಾಜಪ್ರತಿನಿಧಿ ಲೂಯಿಟ್‌ಪೋಲ್ಡನನ್ನು, ಆಮೇಲೆ ಮೂರನೆಯ ಲುಡ್ವಿಗನನ್ನು ಸೂಚಿಸುತ್ತದೆ. ಆದಕಾರಣ ಅಕ್ಷರವನ್ನು ಇಸವಿಯೊಡನೆ ಕೂಡಿಸಿಯೇ ಓದಬೇಕು. ಮಾದರಿಯ ಹೆಸರನ್ನು ಇಸವಿಯೆಂದು ಭ್ರಮಿಸಲೂ ಬಾರದು. ‘98/05’ ಎಂದರೆ 1898ರ ಬಂದೂಕಿಗೆಂದು 1905ರಲ್ಲಿ ಅಂಗೀಕೃತವಾದ ಮಾದರಿ. ಅದರ ತಯಾರಿಕೆ ಮಹಾಯುದ್ಧದುದ್ದಕ್ಕೂ ನಡೆಯಿತು.

ಹಿಡಿಗೂ ಅಲಗಿಗೂ ನಡುವಣ ಅಡ್ಡಪಟ್ಟಿಯ ಮೇಲೆ ಕೆಲವೊಮ್ಮೆ ಅಂಕಿಗಳ ಸಾಲೊಂದು ಕಾಣುತ್ತದೆ. ರೆಜಿಮೆಂಟು, ಕಂಪನಿ, ಆಯುಧದ ಕ್ರಮಸಂಖ್ಯೆ ಎಂಬುದು ಅದರ ಅನುಕ್ರಮ. ಕತ್ತಿ ಹಿಡಿದವನ ಹೆಸರು ಮಾತ್ರ ಅಲ್ಲಿಲ್ಲ.

ಅಕ್ಷರವಿಲ್ಲದ ಗುರುತೂ ಮಾತನಾಡುತ್ತದೆ. ಕೆಲವು ಅಲಗುಗಳ ಬೆನ್ನಿಗೆ ಗರಗಸದ ಹಲ್ಲುಗಳಿದ್ದುವು. ಮರ ಕೊಯ್ಯುವುದು ಅವುಗಳ ಉದ್ದೇಶ. ಅಂಥ ಕತ್ತಿಯೊಡನೆ ಸೆರೆ ಸಿಕ್ಕವನಿಗೆ ಶತ್ರು ಕರುಣೆ ತೋರನೆಂಬ ಭಯ ಸೈನಿಕರಲ್ಲಿ ಹರಡಿತ್ತು. ರೆಮಾರ್ಕನ ಕಾದಂಬರಿ ಓದಿದವರಿಗೆ ಇದು ನೆನಪಿರಬಹುದು. ಯುದ್ಧದ ಕೊನೆಗಾಲದಲ್ಲಿ ಅನೇಕ ಅಲಗುಗಳ ಹಲ್ಲುಗಳನ್ನು ಅರೆದು ತೆಗೆದರು. ಹಾಗೆ ತೆಳುವಾದ ಬೆನ್ನು ಆ ಭಯದ ಲಿಪಿ.

ಇನ್ನು ಮಾಡಿದವರ ಹೆಸರು. ಅಲಗಿನ ಬುಡದಲ್ಲಿ ಅದು ಊರಿನ ಹೆಸರಿನೊಡನೆ ಇರುತ್ತದೆ: ಸೋಲಿಂಗೆನ್ ಪಟ್ಟಣದ ಅಲೆಕ್ಸ್ ಕೊಪ್ಪೆಲ್, ಸೂಲ್ ಪಟ್ಟಣದ ಸಿಮ್ಸನ್ ಮತ್ತು ಕಂಪನಿ, ಇತ್ಯಾದಿ. 1934ರ ಹೊತ್ತಿಗೆ ಹೆಸರಿನ ಸ್ಥಾನಕ್ಕೆ ಗುಪ್ತಸಂಖ್ಯೆ ಬಂತು. ಇಸವಿಯನ್ನೂ ಮರೆಮಾಡಿ 1934ಕ್ಕೆ ‘ಕೆ’, 1935ಕ್ಕೆ ‘ಜಿ’ ಎಂದು ಒತ್ತಿದರು. ವರ್ಸೇಲ್ಸ್ ಒಪ್ಪಂದದ ಕಟ್ಟುಗಳನ್ನು ಮೀರಿ ಸೇನೆ ಬೆಳೆಯುತ್ತಿದ್ದ ಕಾಲವದು. ಮುಂದೆ ಕೆಲವು ವರ್ಷ ಹೆಸರುಗಳು ಮತ್ತೆ ಕಂಡು, ಎರಡನೆಯ ಮಹಾಯುದ್ಧದ ನಡುವೆ ಮೂರಕ್ಷರಗಳ ಸಂಕೇತಕ್ಕೆ ಎಡೆಗೊಟ್ಟವು. ‘ಸಿ-ಒ-ಎಫ್’ ಎಂದಿದ್ದರೆ ಸೋಲಿಂಗೆನ್ನಿನ ಕಾರ್ಲ್ ಐಕ್‌ಹಾರ್ನ್ ಕಾರ್ಖಾನೆ.

ಆದರೆ ಎಲ್ಲ ಹೆಸರುಗಳೂ ಗೋಪ್ಯಕ್ಕಾಗಿಯೇ ಮರೆಯಾದವಲ್ಲ. ಸಿಮ್ಸನ್ನರು ಯೆಹೂದ್ಯರು. ಕೈಸರನ ಸೇನೆಗೂ, ಅನಂತರ ಗಣರಾಜ್ಯದ ಸೇನೆಗೂ ಆಯುಧ ಒದಗಿಸಿದ ಮನೆತನ. 1935ರಲ್ಲಿ ನಾಜಿಗಳು ಅವರ ಕಾರ್ಖಾನೆಯನ್ನು ಕಿತ್ತುಕೊಂಡರು. ಮರುವರ್ಷ ಕುಟುಂಬ ದೇಶ ಬಿಟ್ಟು ಓಡಿತು. ಕೊಪ್ಪೆಲ್ಲರೂ ಯೆಹೂದ್ಯರೇ. ಅವರ ಉದ್ಯಮವೂ ಪರರ ಪಾಲಾಯಿತು. ಅಲೆಕ್ಸಾಂಡರ್ ಕೊಪ್ಪೆಲ್ ತನ್ನ ವೃದ್ಧಾಪ್ಯದಲ್ಲಿ, 1942ರಲ್ಲಿ, ಟೆರೀಜಿಯನ್‌ಷ್ಟಾಟ್ ಬಂಧನಶಿಬಿರದಲ್ಲಿ ತೀರಿಕೊಂಡ. ಕೈಸರನ ಕಿರೀಟದೊಡನೆ ಒಂದೇ ಅಲಗನ್ನು ಹಂಚಿಕೊಂಡ ಹೆಸರುಗಳು ಇವು. ಈ ಜನ ಜರ್ಮನಿಗೆ ಪರಕೀಯರೆಂದು ಸಾರಿದ ಆಳ್ವಿಕೆಗೆ ಆ ನಾಡಿನದೇ ಉಕ್ಕು ಎದುರುಸಾಕ್ಷಿಯಾಗಿ ನಿಂತಿದೆ.

ಈ ಗುರುತುಗಳನ್ನು ಒತ್ತಿಸಿದವರಿಗೆ ಇತಿಹಾಸದ ಚಿಂತೆ ಇರಲಿಲ್ಲ. ಲೆಕ್ಕ ತಪ್ಪಬಾರದೆಂಬುದಷ್ಟೇ ಅವರ ಕಾಳಜಿ. ಆದ್ದರಿಂದಲೇ ಅವುಗಳ ಸಾಕ್ಷ್ಯಕ್ಕೆ ಬೆಲೆ ಹೆಚ್ಚು. ಹಣದಾಸೆಗೆ ಹೊಸ ಮುದ್ರೆಯೊತ್ತುವ ಕೂಟಶಾಸನಕಾರರು ಈ ಕ್ಷೇತ್ರದಲ್ಲಿಯೂ ಇದ್ದಾರೆ. ಆದುದರಿಂದ ಒಂದೇ ಗುರುತಿಗೆ ಮರುಳಾಗದೆ ಅರಸು, ಇಸವಿ, ತಯಾರಕ ಮೂರೂ ಪರಸ್ಪರ ಒಪ್ಪುತ್ತವೆಯೇ ಎಂದು ನೋಡಬೇಕು. ಮತ್ತೊಂದು ಮಾತು: ತುಕ್ಕು ಕಂಡಿತೆಂದು ಮರಳುಕಾಗದದಿಂದ ಉಜ್ಜಬಾರದು. ಹೊಳಪು ಬಂದೀತು, ಹೆಸರು ಹೋದೀತು.